ಸೀಟು ಸಿಗದವರನ್ನು ವಿಚಾರಿಸಿದ ಕಾವೇರಿ

ಬೆಳಗಿನ ಐದೂವರೆ. ಪುಲಿಕೇಶಿನಗರದ ಹಳೆಯ ಮನೆಯೊಂದರ ಮುಂಬಾಗಿಲು ಅರ್ಧ ತೆರೆದಿದೆ. ಒಳಗೆ ಇನ್ನೂ ದೀಪ ಹಾಕಿಲ್ಲ. ಕಿಟಕಿಯ ಬಣ್ಣದ ಗಾಜು ದಾಟಿ ಬಂದ ಬೀದಿದೀಪದ ಬೆಳಕು ನೆಲದ ಮೇಲೆ ತಿಳಿ ನೀಲಿಯಾಗಿ ಹರಡಿದೆ. ಕಾವೇರಿ ಚಪ್ಪಲಿ ಹೊರಗೆ ಬಿಟ್ಟು, ಹೆಗಲಿನ ಐಸ್ ಬಾಕ್ಸನ್ನು ಸದ್ದಾಗದಂತೆ ಇಳಿಸಿ, ಕುರ್ಚಿಯಲ್ಲಿ ಕೂತ ಹಿರಿಯರ ಎದುರು ಮಂಡಿಯೂರುತ್ತಾಳೆ. ಅವರ ಕಣ್ಣಿಂದ ನಿದ್ದೆ ಇನ್ನೂ ಪೂರ್ತಿ ಹೋಗಿಲ್ಲ.

"ನಿಮ್ ಪೂರ್ತಿ ಹೆಸರು ಹೇಳಿ ಅಂಕಲ್."

"ಎರಡು ವರ್ಷದಿಂದ ನನ್ ರಕ್ತ ಹೀರ್ತಾ ಇದೀಯ, ಇನ್ನೂ ಹೆಸರು ಗೊತ್ತಿಲ್ವಾ ಬೇಟಿ?"

"ಗೊತ್ತು. ಆದ್ರೂ ನೀವೇ ಹೇಳ್ಬೇಕು."

"ಕಲೀಮುಲ್ಲಾ. ಉಮರ್ ಎಪ್ಪತ್ತಾರು ವರ್ಷ. ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ, ಚಾಯ್ ಕೂಡ ಇಲ್ಲ. ಅದನ್ನೂ ಬರ್ಕೊ."

ಕಾವೇರಿ ನಗುತ್ತಲೇ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾಳೆ. ಆಮೇಲೆ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ. ಮುಪ್ಪಿನ ಕೈಯಲ್ಲಿ ನರ ಕಣ್ಣಿಗೆ ಕಾಣಿಸುವುದಿಲ್ಲ, ಬೆರಳಿಗೆ ಸಿಗುತ್ತದೆ. ಮರಳಿನ ಕೆಳಗೆ ನೀರು ಹರಿಯುತ್ತಿದ್ದ ಹಾಗೆ ಎಲ್ಲೋ ಒಂದು ಕಡೆ ಚರ್ಮ ಮೆತ್ತಗೆ ಪುಟಿಯುತ್ತದೆ. ಅಲ್ಲಿ ಸೂಜಿ ಇಳಿದಿದ್ದು ಕಲೀಮುಲ್ಲಾ ಅವರಿಗೆ ಗೊತ್ತೇ ಆಗಿಲ್ಲ. ಕೊಳವೆ ತುಂಬುವುದನ್ನು ನೋಡುತ್ತಾ ಅವರು ಕೇಳುತ್ತಾರೆ: "ಏನಿದೆ ಬೇಟಿ ಅದ್ರಲ್ಲಿ?"

"ಡಾಕ್ಟ್ರನ್ನ ಕೇಳಿ ಅಂಕಲ್."

ಬಾಗಿಲು ಎಳೆದುಕೊಂಡು ಹೊರಬರುವಾಗ ಕಾವೇರಿ ಜೊತೆಗಿದ್ದ ನನಗೆ ಮೆಲ್ಲಗೆ ಹೇಳುತ್ತಾಳೆ: "ದಿನಾ ಹತ್ತು ಜನಕ್ಕೆ ಇದೇ ಮಾತು ಹೇಳ್ತೀನಿ. ರಕ್ತ ತೆಗ್ಯೋವರೆಗೂ ಅವರು ನನ್ನೋರು. ಆಮೇಲೆ ಏನಾಯ್ತು ಅಂತ ನಂಗೆ ಯಾರೂ ಹೇಳಲ್ಲ. ಕೆಲವ್ರ ಹೆಸರು ಲಿಸ್ಟಲ್ಲಿ ಬರೋದು ನಿಂತೋಗತ್ತೆ, ಅಷ್ಟೆ. ಕೇಳಿದ ಪ್ರಶ್ನೆಗೆ ನಾನೇ ಉತ್ತರ ಹೇಳೋ ಹಾಗಾಗ್ಬೇಕು."

ಇಪ್ಪತ್ತೇಳು ವರ್ಷದ ಕಾವೇರಿ ಶಿವಾಜಿನಗರದ ಒಂದು ಲ್ಯಾಬಿನಿಂದ ಮನೆಮನೆಗೆ ಹೋಗಿ ರಕ್ತ ಸಂಗ್ರಹಿಸುವವಳು. ವಾರದ ದಿನಗಳಲ್ಲಿ ಹದಿನಾಲ್ಕು ಮನೆ, ಭಾನುವಾರ ಇಪ್ಪತ್ತೆರಡು. ಸ್ಕೂಟರಿನಲ್ಲಿ ಪುಲಿಕೇಶಿನಗರ, ಸರ್ವಜ್ಞನಗರ, ಹಲಸೂರು ಸುತ್ತಿ ಒಂಬತ್ತೂವರೆಗೆ ಲ್ಯಾಬಿಗೆ ಮರಳಬೇಕು. ನಂತರ ಎರಡು ಗಂಟೆಯವರೆಗೆ ಅಲ್ಲಿಯೇ ಕೆಲಸ. ಊರು ಅವಳಿಗೆ ಕಾಣುವ ರೀತಿಯೇ ಬೇರೆ. ಹಗಲು ಗತ್ತಿನಿಂದ ಓಡಾಡುವವರೆಲ್ಲ ಅವಳ ಎದುರು ಕೆದರಿದ ಕೂದಲಲ್ಲಿ, ಹಸಿದ ಹೊಟ್ಟೆಯಲ್ಲಿ, ಮಗುವಿನ ಹಾಗೆ ಕೈ ಚಾಚಿ ಕೂರುತ್ತಾರೆ. ಮುಖದ ಮೇಲೆ ತಲೆದಿಂಬಿನ ಗೆರೆಗಳಿರುತ್ತವೆ. ಬೀದಿಯಲ್ಲಿ ಬೇಕರಿಯ ಒಲೆಯಿಂದ ಬನ್ನಿನ ವಾಸನೆ ಹೊರಟಿರುತ್ತದೆ, ಚರ್ಚಿನ ಗಂಟೆ ಇನ್ನೂ ಬಾರಿಸಿರುವುದಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವಿನ ಈ ಓಣಿಯಲ್ಲಿ ಅವಳೊಬ್ಬಳೇ ಪೂರ್ತಿ ಎಚ್ಚರವಿರುವವಳು.

ಮಾನ್ವಿ ಕಡೆಯ ಹಳ್ಳಿಯಿಂದ ಬಂದಾಗ ಅವಳಿಗೆ ಆರು ವರ್ಷ. ಅಪ್ಪ ಅಮೃತಪ್ಪ ಗಾರೆ ಕೆಲಸದವರು. ಅವ್ವ ಯಂಕಮ್ಮ ಸರ್ವಜ್ಞನಗರದ ಅಪಾರ್ಟ್‌ಮೆಂಟೊಂದರ ಮೆಟ್ಟಿಲು ಗುಡಿಸಿ ಒರೆಸುತ್ತಾರೆ. ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ಮೂವರ ಸಂಸಾರ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಳು. ಹದಿನೆಂಟಕ್ಕೆ, ಯಾವ ತರಬೇತಿಯೂ ಇಲ್ಲದೆ, ಮೆಡಿಕಲ್ ಸೀಟಿನ ನೀಟ್ ಪರೀಕ್ಷೆ ಬರೆದಳು. ಭೌತಶಾಸ್ತ್ರದ ನಲವತ್ತೈದು ಪ್ರಶ್ನೆಗಳಲ್ಲಿ ಸರಿಯಾದದ್ದು ಆರು. ಯಾರಿಗೂ ಹೇಳದೆ ಬಿ.ಎಸ್ಸಿ. ಸೇರಿದಳು, ಅದು ಮುಗಿದ ಮೇಲೆ ರಕ್ತ ತೆಗೆಯುವ ಆರು ತಿಂಗಳ ಕೋರ್ಸು ಮಾಡಿದಳು. ಆಸೆ ಮಾತ್ರ ಒಳಗೇ ಕೂತಿತ್ತು. ಬೇರೆಯವರ ಮನೆಯಲ್ಲಿ ಸೀರೆಯ ಸೆರಗು ಮುದುರಿಕೊಂಡು ಕೂರುವ ಹೆಂಗಸಿನ ಹಾಗೆ, ಜಾಗ ಹಿಡಿಯದೆ.

ನೀಟ್ ಬರೆಯಲು ವಯಸ್ಸಿನ ಮೇಲ್ಮಿತಿ ಈಗ ಇಲ್ಲ ಎನ್ನುವುದು ಅವಳಿಗೆ ಗೊತ್ತಾಗಿದ್ದು ಕಳೆದ ವರ್ಷ. ಒಂದು ವರ್ಷ ಸರಿಯಾಗಿ ತಯಾರಾಗಿ, ಒಂದೇ ಸಲ ಬರೆಯುವುದು ಎಂದು ನಿಶ್ಚಯಿಸಿದಳು. ಅವಳಿಗೆ ಸರ್ಕಾರಿ ಸೀಟೇ ಆಗಬೇಕು, ಬೇರೆಯದರ ಯೋಚನೆ ಮಾಡುವ ಹಾಗಿಲ್ಲ. ಹಾಗಾಗಿ ಇರುವ ಒಂದು ವರ್ಷವನ್ನು ಯಾರ ಕೈಗೆ ಕೊಡಬೇಕು ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಅದೇ ಹೊತ್ತಿಗೆ, ಈ ವರ್ಷದ ಜೂನ್ ತಿಂಗಳಲ್ಲಿ, ಲ್ಯಾಬಿನ ಮೇಲ್ವಿಚಾರಕ ನಯಾಜ್ ಒಂದು ಸುದ್ದಿ ತಂದರು. ಕೆ.ಆರ್. ಪುರಂನಲ್ಲಿ ಹೊಸ ಶಾಖೆ ತೆರೆಯುತ್ತಿದೆ, ಅಲ್ಲಿನ ಸಂಗ್ರಹ ವಿಭಾಗಕ್ಕೆ ಕಾವೇರಿಯೇ ಮುಖ್ಯಸ್ಥೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳು. "ಸೋಮವಾರ ಹೇಳ್ಬಿಡಿ ಮೇಡಂ," ಎಂದರು ನಯಾಜ್. "ಇಂಥ ಚಾನ್ಸ್ ಮತ್ತೆ ಬರಲ್ಲ."

ಉಳಿದಿದ್ದು ಐದು ದಿನ.

ಮೊದಲು ಅವಳು ಹೋಗಿದ್ದು ಇಂದಿರಾನಗರದ ದೊಡ್ಡ ಕೇಂದ್ರಕ್ಕೆ. ಮತ್ತೆ ಪರೀಕ್ಷೆ ಬರೆಯುವವರಿಗೆಂದೇ ಅಲ್ಲಿ ಇಡೀ ವರ್ಷದ ತರಗತಿ, ಬೆಳಿಗ್ಗೆ ಏಳರಿಂದ ಸಂಜೆ ಆರು. ಸೇರಿದರೆ ಕೆಲಸ ಬಿಡಲೇಬೇಕು. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಗೋಡೆಯ ತುಂಬ ಸೀಟು ಗಿಟ್ಟಿಸಿದ ಮಕ್ಕಳ ನಗುಮುಖ. ತಣ್ಣನೆಯ ಗಾಳಿಯಲ್ಲಿ ಕೂತ ಎಳೆ ಹುಡುಗಿಯೊಬ್ಬಳು ವಿನಯದಿಂದಲೇ ಕೇಳಿದಳು: "ತಂಗಿಗಾ ಮೇಡಂ, ತಮ್ಮನಿಗಾ?"

"ನಂಗೇ."

ಹುಡುಗಿ ಒಂದು ಗಳಿಗೆ ತಡವರಿಸಿ ಫಾರ್ಮು ಮುಂದೆ ಇಟ್ಟಳು. ಕಾವೇರಿ ಅದನ್ನು ಮುಟ್ಟಲಿಲ್ಲ. "ಈ ಗೋಡೆ ಮೇಲಿರೋರು ಗೊತ್ತಾಯ್ತು. ಸೀಟು ಸಿಗ್ದೇ ಇರೋರು ಎಷ್ಟು ಜನ? ಅವ್ರಿಗೆ ಯಾಕೆ ಸಿಗ್ಲಿಲ್ಲ ಅಂತ ಎಲ್ಲಾದ್ರೂ ಬರ್ದಿಟ್ಟಿದೀರಾ?"

"ಹಂಗೆಲ್ಲಾ ಯಾರೂ ಕೇಳಲ್ಲ ಮೇಡಂ," ಎಂದಳು ಹುಡುಗಿ, ಗೋಡೆಯ ಕಡೆ ನೋಡುತ್ತಾ.

ಆ ಪ್ರಶ್ನೆ ಕಾವೇರಿಗೆ ಬಂದಿದ್ದು ತನ್ನ ಕಸುಬಿನಿಂದಲೇ. ಲ್ಯಾಬಿನಲ್ಲಿ ಪರೀಕ್ಷೆಗೆ ಒಗ್ಗದೆ ಹೋದ ರಕ್ತವನ್ನು ಚೆಲ್ಲಿ ಸುಮ್ಮನಾಗುವಂತಿಲ್ಲ. ಅದಕ್ಕೊಂದು ಪುಸ್ತಕವಿದೆ. ಯಾರು ತೆಗೆದದ್ದು, ಯಾಕೆ ಕೆಟ್ಟಿತು ಎಂದು ತೆಗೆದವರೇ ಅದರಲ್ಲಿ ಬರೆದು ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅವಳು ಅವಸರದಲ್ಲಿ ಸಿರಿಂಜಿನ ರಕ್ತವನ್ನು ಜೋರಾಗಿ ಕೊಳವೆಗೆ ಒತ್ತಿದ್ದಳು. ಕಣಗಳು ಒಡೆದು, ಮೇಲೆ ನಿಲ್ಲುವ ತಿಳಿನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬರಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. "ಅವತ್ತು ನನ್ ತಪ್ಪು ನಾನೇ ಬರ್ದು ಸಹಿ ಹಾಕ್ದೆ," ಎನ್ನುತ್ತಾಳೆ. "ಕೆಲಸ ಕಲ್ತಿದ್ದು ಕೋರ್ಸಲ್ಲಲ್ಲ, ಆ ಪುಸ್ತಕ ಓದಿ. ಸೀನಿಯರ್‌ಗಳು ಮಾಡಿದ ತಪ್ಪೆಲ್ಲಾ ಅದರಲ್ಲೇ ಇತ್ತು."

ಎರಡನೆಯದು ಮೊಬೈಲಿನಲ್ಲಿ ನೋಡುವ ಪಾಠಗಳು. ಕೆಲಸ ಬಿಡುವ ಹಾಗಿಲ್ಲದವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಮೂರು ದಿನ ಉಚಿತವಾಗಿ ನೋಡಿದಳು. ಪಾಠ ಚೆನ್ನಾಗಿಯೇ ಇತ್ತು, ಆದರೆ ಅವಳು ಬರೆದು ಕೇಳಿದ ಅದೇ ಪ್ರಶ್ನೆಗೆ ಉತ್ತರ ಬರಲಿಲ್ಲ. ಧನ್ಯವಾದ ಹೇಳುವ ಒಂದು ಸಂದೇಶ ಬಂತು.

ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದ ಯಂಕಮ್ಮ ಮಗಳ ಮುಖ ನೋಡಿ ನಕ್ಕರು. "ಒಂದು ಸೀರಿ ತರಾಕ ಹತ್ತು ಅಂಗಡಿ ತಿರುಗಾಕಿ ನೀನು. ಇದಕ್ಕ ಐದು ದಿನ ಅಂದ್ರ ಹೆಂಗ ಸಾಲತೈತಿ ಬೇ?"

"ಅವ್ವಾ, ಕೆ.ಆರ್. ಪುರಂ ಕೆಲ್ಸ ಬಿಟ್ರೆ ಬೇಜಾರ್ ಮಾಡ್ಕೊತೀಯಾ?"

ಯಂಕಮ್ಮ ರೊಟ್ಟಿ ತಿರುವಿ ಹಾಕಿದರು. "ನನಗ ಅದೆಲ್ಲ ತಿಳಿಯಂಗಿಲ್ಲ. ನಿದ್ದ್ಯಾಗ ನೀ ಏನೇನೋ ಇಂಗ್ಲಿಷಿನ್ಯಾಗ ಬಡಬಡಸ್ತಿ. ಅದನ್ನ ಹಗಲಿನ್ಯಾಗ ಮಾತಾಡುವಂಗ ಆಗು, ಸಾಕು."

ಶನಿವಾರ ಮಧ್ಯಾಹ್ನ ಕಾವೇರಿ ಹಲಸೂರಿನ ಒಂದು ಮಹಡಿ ಮನೆಯ ಮೆಟ್ಟಿಲು ಹತ್ತಿದಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಶೇಷಮ್ಮ ಅಲ್ಲಿ ಮಧ್ಯಾಹ್ನ ಮೂರರಿಂದ ಏಳರವರೆಗೆ ತರಗತಿ ನಡೆಸುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಅವರ ಹಳೆಯ ವಿದ್ಯಾರ್ಥಿಗಳು ಬರುತ್ತಾರೆ. ಬೋರ್ಡಿಲ್ಲ, ಗೋಡೆಯ ಮೇಲೆ ಯಾರ ಫೋಟೋವೂ ಇಲ್ಲ. ಹನ್ನೊಂದು ಕುರ್ಚಿ, ಕಿಟಕಿಯಾಚೆ ಕೆರೆಯ ಒಂದು ಚೂರು.

ಕಾವೇರಿ ಅದೇ ಪ್ರಶ್ನೆ ಕೇಳಿದಳು. ಶೇಷಮ್ಮ ಒಳಗೆ ಹೋಗಿ ಹಳೆಯದೊಂದು ನೋಟ್‌ಬುಕ್ ತಂದು ಅವಳ ಮಡಿಲಲ್ಲಿಟ್ಟರು. "ಇದನ್ನ ಯಾರಿಗೂ ತೋರಿಸಿಲ್ಲ. ಹೆಸರುಗಳನ್ನ ಮರೆತುಬಿಡಮ್ಮ, ಕಾರಣ ಮಾತ್ರ ಓದು."

ಸೀಟು ಸಿಗದ ಮೂವತ್ತೊಂದು ಜನ. ದುಂಡನೆಯ ಕನ್ನಡ ಅಕ್ಷರ. "ಜೀವಶಾಸ್ತ್ರ ಇಷ್ಟವೆಂದು ಅದನ್ನೇ ಮತ್ತೆ ಮತ್ತೆ ಓದಿದಳು." "ಎಲ್ಲ ಗೊತ್ತಿತ್ತು, ಗಡಿಯಾರ ನೋಡಿ ಹೆದರಿದ." ಹೀಗೇ ಪುಟ ತಿರುಗಿಸುತ್ತಿದ್ದ ಕಾವೇರಿಯ ಬೆರಳು ಒಂದು ಕಡೆ ನಿಂತಿತು. "ತಾಯಿಗೆ ಆಪರೇಷನ್. ನಾಲ್ಕು ತಿಂಗಳು ತರಗತಿಗೆ ಬರಲಿಲ್ಲ. ನಾನು ಮನೆಗೆ ಹೋಗಿ ವಿಚಾರಿಸಲಿಲ್ಲ. ತಪ್ಪು ನನ್ನದು."

ಆ ಸಾಲಿನ ಕೆಳಗೆ ಶೇಷಮ್ಮನವರ ಸಹಿಯೂ ಇತ್ತು. ಕೆರೆಯ ಕಡೆಯಿಂದ ಬೀಸಿದ ಗಾಳಿಗೆ ಪುಟ ತಾನೇ ಮಗುಚಿಕೊಂಡಿತು. ಇಷ್ಟು ವರ್ಷ ಒಳಗೆ ಸೆರಗು ಮುದುರಿ ಕೂತಿದ್ದ ಆಸೆ ಅವತ್ತು ಮೊದಲ ಸಲ ಕಾಲು ಚಾಚಿ ಕೂತಂತೆ ಅವಳಿಗೆ ಅನ್ನಿಸಿತು.

"ನಂಗೆ ಸೀಟು ಸಿಗತ್ತಾ ಮೇಡಂ?"

"ಸಿಗತ್ತೆ ಅಂತ ಹೇಳೋಳಲ್ಲ ನಾನು." ಶೇಷಮ್ಮ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಬರೆಯಲು ಕೂರಿಸಿದರು. ಮೂರು ಗಂಟೆಯ ನಂತರ ತಿದ್ದಿ ನೋಡಿದರೆ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ. ಭೌತಶಾಸ್ತ್ರದಲ್ಲಿ ಸರಿಯಾದದ್ದು ಆರೇ ಆರು, ಹದಿನೆಂಟರ ವಯಸ್ಸಿನಲ್ಲಿ ಬಂದಷ್ಟೇ. ಕಾವೇರಿಗೆ ತಲೆ ಎತ್ತಲಾಗಲಿಲ್ಲ.

"ಮೂರು ತಿಂಗಳು ಜೀವಶಾಸ್ತ್ರದ ಪುಸ್ತಕ ನಂಗೆ ಕೊಟ್ಟಿರು," ಎಂದರು ಶೇಷಮ್ಮ. "ನೀನು ಅದನ್ನ ಮುಟ್ಟೋ ಹಾಗಿಲ್ಲ. ಒಪ್ಪಿಗೆ ಇದ್ರೆ ಮಂಗಳವಾರ ಬಾ. ಬೆಳಗಿನ ಕೆಲಸ ಬಿಡಬೇಡ. ದಿನಾ ರೋಗಿಗಳ ಮುಖ ನೋಡ್ತಿದ್ರೆ ಯಾಕೆ ಓದ್ತಿದೀನಿ ಅನ್ನೋದು ನೆನಪಿರತ್ತೆ."

ಸೋಮವಾರ ಕಾವೇರಿ ಹೊಸ ಶಾಖೆಯ ಕೆಲಸ ಬೇಡವೆಂದಳು. ಮುಂಜಾವಿನ ಪಾಳಿಯನ್ನೇ ಉಳಿಸಿಕೊಡಿ ಎಂದು ಕೇಳಿದಳು. ನಯಾಜ್ ತಲೆ ಚಚ್ಚಿಕೊಂಡರು. "ಮುಖ್ಯಸ್ಥೆ ಆಗಿ ಅಂದ್ರೆ ಸ್ಟೂಡೆಂಟ್ ಆಗ್ತೀನಿ ಅಂತೀರಲ್ರೀ! ಹೋಗ್ಲಿ, ಡಾಕ್ಟರ್ ಆದ್ಮೇಲೆ ನಮ್ ಲ್ಯಾಬಿಗೇ ಚೀಟಿ ಬರೀಬೇಕು, ಈಗ್ಲೇ ಹೇಳಿದೀನಿ."

ಈಗ ನವೆಂಬರ್. ಮುಂಜಾವು ಮಂಜು ಮಂಜಾಗಿದೆ. ಕಾವೇರಿಯ ದಿನ ನಾಲ್ಕೂವರೆಗೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಜೀವಶಾಸ್ತ್ರದ ಪುಸ್ತಕ ಅಕ್ಟೋಬರಿನಲ್ಲಿ ವಾಪಸ್ ಸಿಕ್ಕಿದೆ. ತರಗತಿಯ ಉಳಿದ ಹತ್ತು ಮಂದಿ ಅವಳನ್ನು 'ಅಕ್ಕಾ' ಎನ್ನುತ್ತಾರೆ, ಮನುಷ್ಯನ ರಕ್ತ ಪರಿಚಲನೆಯ ಪಾಠ ಬಂದರೆ ಸುತ್ತ ಕೂತು ಕತೆ ಹೇಳಿಸಿಕೊಳ್ಳುತ್ತಾರೆ. ಕಳೆದ ವಾರದ ಪರೀಕ್ಷೆಯಲ್ಲಿ ಭೌತಶಾಸ್ತ್ರದ ನಲವತ್ತೈದಕ್ಕೆ ಹತ್ತೊಂಬತ್ತು ಸರಿ ಬಂದಿವೆ. ಸೀಟಿಗೆ ಇದು ಸಾಲದು ಎಂದು ಅವಳಿಗೂ ಗೊತ್ತು, ಶೇಷಮ್ಮನವರಿಗೂ ಗೊತ್ತು.

"ಸಾಲ್ದು. ಆದ್ರೆ ಅದ್ರಲ್ಲಿ ಒಂದೂ ಗೆಸ್ ಮಾಡಿದ್ದಲ್ಲ," ಎನ್ನುತ್ತಾಳೆ, ಸರ್ವಜ್ಞನಗರದ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಅಂಗೈಗಳನ್ನು ಉಜ್ಜಿಕೊಳ್ಳುತ್ತಾ. ಚಳಿಗಾಲದಲ್ಲಿ ತಣ್ಣನೆಯ ಕೈಯಿಂದ ಯಾರನ್ನೂ ಮುಟ್ಟಬಾರದೆಂದು ಅವಳು ಪ್ರತಿ ಮನೆಯ ಮುಂದೆಯೂ ಹೀಗೆ ಮಾಡುತ್ತಾಳೆ.

ಏನಾದರೂ ಬೇಕೆನ್ನಿಸುತ್ತದೆಯೇ ಎಂದು ನಾನು ಕೇಳಿದರೆ ಹೇಳುತ್ತಾಳೆ: "ಮೇ ತಿಂಗಳಲ್ಲಿ ಪರೀಕ್ಷೆ ಇರೋದು ಭಾನುವಾರ ಮಧ್ಯಾಹ್ನ. ಭಾನುವಾರ ನಮ್ಗೆ ಜಾಸ್ತಿ ಮನೆ ಇರೋ ದಿನ. ಅವತ್ತೊಂದಿನ ರಜ ಕೊಡಿ ಅಂತ ನಯಾಜ್ ಸರ್‌ಗೆ ಈಗ್ಲೇ ಬರ್ದು ಕೊಟ್ಟಿದೀನಿ. ಅಲಾರಂ ಇಡಲ್ಲ. ದಿನಾ ಅದು ಹೊಡ್ಕೊಂಡು ಕನಸು ಅರ್ಧಕ್ಕೇ ನಿಂತೋಗತ್ತೆ. ಅವತ್ತು ಪೂರ್ತಿ ನೋಡಿ, ಎದ್ದು, ಮುಖ ತೊಳ್ಕೊಂಡು ಹೋಗಿ ಬರೀತೀನಿ."