ಒಂದು ಬೈ, ಐವತ್ತು ನಿಮಿಷ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಮನೆಯಿಂದ ಹೊರಡುವಾಗ ‘ಬೈ’ ಅನ್ನುವುದಕ್ಕೆ ಒಂದು ಬೆಳಿಗ್ಗೆ ನನಗೆ ಐವತ್ತು ನಿಮಿಷ ಹಿಡಿಯಿತು.

ಅವತ್ತು ಒಂಬತ್ತಕ್ಕೆ ಉಲ್ಲಾಳದ ಹತ್ತಿರದ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ಆಯ್ಕೆ. ಯಾವುದಾದರೂ ಒಂದು ಪದದ ಬಗ್ಗೆ ಮೂರು ನಿಮಿಷ ಮಾತಾಡಬೇಕು. ಆಯ್ಕೆಯಾದವರು ಮೈಸೂರಿಗೆ, ತಡವಾಗಿ ಬಂದವರು ಮನೆಗೆ ಎಂದು ಮೊದಲೇ ಹೇಳಿದ್ದರು. ನನ್ನ ಪದ ‘ಗುಡ್‌ಬೈ’. ಕ್ಲಾಸಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವರಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ತಿಳಿಸಿದ್ದೆ.

ಎಂಟೂಕಾಲಿಗೆ ಶೂ ಹಾಕಿಕೊಂಡು, ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಇಳಿಯುತ್ತಾ “ಬೈ ಅಜ್ಜಿ” ಅಂದೆ.

ಅಜ್ಜಿ ಗದಗದ ಕಡೆಯವರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ತಿಂಗಳಾಗಿತ್ತು. ಅವರ ಲೆಕ್ಕದಲ್ಲಿ ಹೊರಡುವವರು ‘ಹೋಗಿ ಬರ್ತೀನಿ’ ಅನ್ನಬೇಕು. ಬೇರೆ ಏನಾದರೂ ಅಂದರೆ ಅಪಶಕುನ, ವಾಪಸ್ ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಆ ತಿಂಗಳು ನಾನು ಕುಡಿದ ನೀರಿನಲ್ಲಿ ನಲ್ಲಿ ನೀರು ಬಾರದ ಬ್ಯಾಡರಹಳ್ಳಿಗೆ ಎರಡು ಟ್ಯಾಂಕರ್ ಕಳಿಸಬಹುದಿತ್ತು.

ಅಜ್ಜಿ ವಾಪಸ್ ಕರೆದರು. ನೀರು ಕುಡಿದಿದ್ದರೆ ಬಸ್ಸು ಸಿಗುತ್ತಿತ್ತು. ಆದರೆ ಬಾಯಿಪಾಠವಾಗಿದ್ದ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲೇ ನಿಂತು ಕೈ ಬೀಸಿ ವಿವರಿಸಿದೆ. ಹಿಂದೆ ಇಂಗ್ಲಿಷರು ಬೀಳ್ಕೊಡುವಾಗ ‘ಗಾಡ್ ಬಿ ವಿತ್ ಯೂ’, ಅಂದರೆ ‘ದೇವರು ನಿಮ್ಮ ಜೊತೆಗಿರಲಿ’ ಎಂದು ಪೂರ್ತಿ ಹೇಳುತ್ತಿದ್ದರು. ಹೇಳಿ ಹೇಳಿ ಆ ನಾಲ್ಕು ಪದ ಸವೆದು ಒಂದಾಯಿತು. ‘ಗುಡ್ ಡೇ’, ‘ಗುಡ್ ಈವ್ನಿಂಗ್’ಗಳ ಸಹವಾಸದಿಂದ ‘ಗಾಡ್’ ಹೋಗಿ ‘ಗುಡ್’ ಬಂತು. ಕೊನೆಗೆ ಅದೂ ಉದುರಿ ‘ಬೈ’ ಉಳಿಯಿತು. ಈಗ ಫೋನ್ ಇಡುವಾಗ ಅದನ್ನೇ ಮೂರು ಮೂರು ಸಲ ಹೇಳುತ್ತೇವೆ. ಆದ್ದರಿಂದ ಅದು ಅಪಶಕುನವಲ್ಲ, ಆಶೀರ್ವಾದ.

ಅಜ್ಜಿ ಕಪ್ಪು ಕನ್ನಡಕ ಸರಿಮಾಡಿಕೊಂಡರು. “ದೇವ್ರ ಹೆಸರು ಐತೇನು ಅದ್ರಾಗ?”

“ಹೂಂ ಅಜ್ಜಿ, ಒಳಗಡೆ ಇದೆ.”

“ಮತ್ತ ಬೂಟ್ ಹಾಕ್ಕೊಂಡು ಅಂತೀಯಲ್ಲೋ ತಮ್ಮಾ. ಬಿಚ್ಚಿ ಒಳಗ ಬಾ.”

ಶೂ ಬಿಚ್ಚಿದೆ. ದೇವರ ಹೆಸರನ್ನು ಬರಿ ಹಣೆಯಲ್ಲಿ ಎತ್ತಬಾರದು ಎಂದು ಕೈಕಾಲು ತೊಳೆಸಿ ವಿಭೂತಿ ಹಚ್ಚಿದರು, ಮೂರು ಪಟ್ಟೆ, ರಸ್ತೆಗೆ ಬಳಿದಷ್ಟು ದಪ್ಪ. ಅಲ್ಲೇ ಬೇಗನೆ ‘ಬೈ’ ಅಂದೆ. ದೇವರನ್ನು ತುಂಡು ಮಾಡಿ ಹೇಳಬಾರದಂತೆ, ಪೂರ್ತಿ ಬೇಕಂತೆ. ಪೂರ್ತಿ ಹೇಳಿದೆ. ಆಗ ಅವರಿಗೆ ದೊಡ್ಡ ತಪ್ಪೊಂದು ಹೊಳೆಯಿತು.

“ನೀ ಸಣ್ಣಾಂವ. ಹಿರೇರಿಗೆ ನೀ ಆಶೀರ್ವಾದ ಮಾಡ್ತಿ ಏನು? ಆ ಮಾತು ನಾ ಹೇಳ್ಬೇಕು, ನೀ ಕಾಲಿಗೆ ಬೀಳ್ಬೇಕು.”

ಹೇಳಬೇಕೆಂದರೆ ಅವರು ಅದನ್ನು ಕಲಿಯಬೇಕು. ನಾನು ಕಾಲಿಗೆ ಬಿದ್ದ ಭಂಗಿಯಲ್ಲೇ ನೆಲದಿಂದ ಪಾಠ ಹೇಳಿದೆ. ಅಜ್ಜಿ ‘ಗಾಡ್ ಬಿ’ ತನಕ ಬಂದು, ‘ವಿತ್’ ಹತ್ತಿರ ನಿಂತು, ಮತ್ತೆ ಮೊದಲಿಂದ ಶುರು. ಜೇಬಿನಲ್ಲಿ ಫೋನ್ ಅದುರಿತು. ಗೆಳೆಯನ ಮೆಸೇಜು: ‘ಮಗಾ ಎಲ್ಲಿದೀಯ, ಎಲ್ಲರೂ ಬಂದ್ರು.’

ಎದ್ದು ಓಡಬಹುದಿತ್ತು. ಆದರೆ ನನ್ನ ಇಂಗ್ಲಿಷನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಹಾಗಾಗಿ ‘ಹಲೋ’ ಪದದ ಹಿನ್ನೆಲೆಯನ್ನೂ ಸೇರಿಸಿದೆ. ಯಾರೂ ಕೇಳಿರಲಿಲ್ಲ.

ಕೊನೆಗೆ ಅಜ್ಜಿ ತಡವರಿಸದೆ ನಾಲ್ಕೂ ಪದ ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು. ಅದೇ ಹೊತ್ತಿಗೆ ಅಮ್ಮ ಸೊಪ್ಪಿನ ಚೀಲ ಹಿಡಿದು ಒಳಗೆ ಬಂದರು. ನೆಲದ ಮೇಲಿದ್ದ ನನ್ನನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು.

“ಒಂಬತ್ತಕ್ಕಲ್ವೇನೋ ನಿನ್ನ ಸ್ಪರ್ಧೆ?”

“ಹೂಂ ಅಮ್ಮ. ಬೈ ಹೇಳ್ತಾ ಇದ್ದೆ.”

“ಒಂಬತ್ತು ಐದಾಯ್ತು. ಶೂ ಎತ್ತಿಟ್ಟು ಬಂದು ಕಾಯಿ ತುರಿ.”