ಟಗರಿನ ಎದುರು ಬುತ್ತಿ

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸದರಲ್ಲಿ ಸಿಂದಗಿಗೆ ಒಬ್ಬ ದನದ ಡಾಕ್ಟರು ಬಂದರು. ನಮ್ಮ ಓಣಿಯಲ್ಲೇ ಖೋಲಿ ಹಿಡಿದು ಒಬ್ಬರೇ ಇದ್ದರು. ಜಂತುಹುಳದ ಹೊಸ ಔಷಧ ಬಂದರೆ ಅವರು ಹಿಂಡಿಗೆಲ್ಲ ಒಮ್ಮೆಲೇ ಕೊಡುತ್ತಿರಲಿಲ್ಲ. ಮೊದಲು ಒಂದೇ ಕುರಿಗೆ ಕುಡಿಸಿ ಅದರ ಮುಂದೆ ಕುಂತುಬಿಡುತ್ತಿದ್ದರು. ಹುಳ ಬಿತ್ತೋ ಇಲ್ಲವೋ ಎಂಬುದನ್ನು ಮರುದಿನ ಹಿಕ್ಕೆ ಕೆದಕಿ ನೋಡಿದರಾಯಿತು. ಆದರೆ ಔಷಧ ವಿಷವಾಗಲಿಲ್ಲ ಎಂದು ಅವರು ನಂಬುತ್ತಿದ್ದುದು ಕುರಿ ಮೇವಿಗೆ ಬಾಯಿ ಹಾಕಿದಾಗಲೇ. ಅಲ್ಲಿಯವರೆಗೆ ತಮ್ಮ ಬುತ್ತಿಯನ್ನೂ ಬಿಚ್ಚುತ್ತಿರಲಿಲ್ಲ.

"ಅದು ತಿನ್ನಲಿ, ಆಮ್ಯಾಲ ನಂದು," ಎನ್ನುವರು.

ಒಮ್ಮೆ ನಮ್ಮ ಟಗರಿನ ಪಾಳಿ ಬಂತು. ಔಷಧ ಕುಡಿದ ಟಗರು ಮೇವು ಮೂಸಲೂ ಇಲ್ಲ, ಡಾಕ್ಟರನ್ನೇ ನೋಡುತ್ತ ನಿಂತಿತು. ಡಾಕ್ಟರು ಟಗರನ್ನೇ ನೋಡುತ್ತ ಕುಂತರು. ಹೊತ್ತು ಇಳಿಯಿತು.

"ಈ ಔಷಧ ವಾಪಸ್ ಕಳಸೂದ ಛಲೋ," ಎಂದರು ಸಪ್ಪಗೆ.

ಹೊಲದಿಂದ ಬಂದ ಅವ್ವ ಇಬ್ಬರ ಮುಖವನ್ನೂ ನೋಡಿ ನಕ್ಕಳು. "ಸಾಹೇಬ್ರ, ನೀವ್ ಮೊದಲ ಉಣ್ರಿ. ಅದು ಮರಿ ಇದ್ದಾಗಿಂದ ನಮ್ಮ ಜೋಡಿನ ಉಂಡು ಬೆಳದೈತಿ. ಎದುರಿಗಿದ್ದವರು ತುತ್ತು ಎತ್ತೂತನಕ ಮೇವು ಮುಟ್ಟಂಗಿಲ್ಲರಿ."

ಡಾಕ್ಟರು ನಾಚುತ್ತ ಗಂಟು ಬಿಚ್ಚಿ ರೊಟ್ಟಿ ಮುರಿದರು. ಟಗರು ಮೇವಿಗೆ ಬಾಯಿ ಹಾಕಿತು.

ಮರುದಿನ ಹುಳವೂ ಬಿತ್ತು. ಔಷಧ ಊರಿನ ಹಿಂಡಿಗೆಲ್ಲ ಕುಡಿಸಿ ಆಯಿತು, ಮಳೆಗಾಲ ಕಳೆದು ಜೋಳವೂ ತೆನೆ ಹಿಡಿಯಿತು. ಡಾಕ್ಟರು ಮಾತ್ರ ಮಧ್ಯಾಹ್ನವಾದರೆ ಬುತ್ತಿ ಹಿಡಿದು ನಮ್ಮ ಹಿತ್ತಲಿಗೆ ಬರುವುದನ್ನು ಬಿಡಲಿಲ್ಲ. ಟಗರಿನ ಎದುರು ಕುಂತು ಗಂಟು ಬಿಚ್ಚುತ್ತ, ಭಾಳ ಗಂಭೀರವಾಗಿ ಅವ್ವನಿಗೆ ಹೇಳುವರು:

"ಆ ಔಷಧ ಇದಕ್ಕ ಇನ್ನೂ ಏನರ ತ್ರಾಸ ಕೊಡತೈತೇನು, ನೋಡಾಕ ಬಂದೀನ್ರಿ."