ಅವ್ವನಿಗೆ ಸಿಕ್ಕ ಬರಿ

ಮದುವೆಯಾಗಿ ರಾಮಕುಂಜಕ್ಕೆ ಬಂದ ನಾಲ್ಕನೇ ದಿನ, ಜಗಲಿ ತುಂಬ ಕುಳಿತಿದ್ದ ನೆಂಟರ ಎದುರು, ನನ್ನ ಗಂಡನನ್ನು ನಾನೇ ನನ್ನ ಅಣ್ಣನನ್ನಾಗಿ ಮಾಡಿಬಿಟ್ಟೆ.

ಪಕ್ಕದ ಮನೆಯ ಕಮಲಕ್ಕ ನನ್ನನ್ನು ಕೂರಿಸಿಕೊಂಡು, "ನಿಮ್ಮದು ಯಾವ ಬರಿ?" ಎಂದು ಕೇಳಿದರು. ಬರಿ ಎಂದರೆ ತುಳುವರಲ್ಲಿ ವಂಶದ ಹೆಸರು ಎಂದು ಗಂಡ ಹರೀಶ ರೈಲಿನಲ್ಲೇ ಹೇಳಿದ್ದ. ಅವನದು ಬಂಗೇರ. ಮದುವೆಯಾದ ಮೇಲೆ ಗಂಡನದೇ ಹೆಂಡತಿಯದು ಎಂದುಕೊಂಡು, "ಬಂಗೇರ ರೀ" ಎಂದೆ, ಗಟ್ಟಿಯಾಗಿ.

ಜಗಲಿಯಲ್ಲಿ ಎದ್ದ ನಗು ನಿಲ್ಲಲಿಲ್ಲ.

"ದೇವರೇ! ಹಾಗಾದ್ರೆ ಹರೀಶ ನಿಮಗೆ ಅಣ್ಣ ಆಗ್ಬೇಕು ಮಾರಾಯ್ರೆ. ಒಂದೇ ಬರಿಯವರು ಮದುವೆ ಆಗ್ಲಿಕ್ಕೆ ಉಂಟಾ?" ಎಂದರು ಕಮಲಕ್ಕ.

ನಮ್ಮ ಯಲಬುರ್ಗಾ ಕಡೆ ವಂಶಕ್ಕೆ ಬೆಡಗು ಅನ್ನುತ್ತಾರೆ. ಅದು ಅಪ್ಪನಿಂದ ಬರುತ್ತದೆ. ಹುಡುಗಿ ಮದುವೆಯಾದ ದಿನ ತವರಿನದನ್ನು ಬಿಟ್ಟು ಗಂಡನ ಬೆಡಗಿಗೆ ಸೇರುತ್ತಾಳೆ. ಇಲ್ಲಿ ಬರಿ ತಾಯಿಯಿಂದ ಬರುತ್ತದೆ, ಸಾಯುವ ತನಕ ಬದಲಾಗುವುದಿಲ್ಲ. ಗಂಡ, ಹೆಂಡತಿ ಬೇರೆ ಬೇರೆ ಬರಿಯವರಾಗಿರಲೇಬೇಕು. ನಾನು ಪಾಠ ಮಾಡುವ ಇಲ್ಲಿನ ಶಾಲೆಯಲ್ಲಿ ಸುಳ್ಯದಿಂದ ಬಂದ, ಅರೆಭಾಷೆ ಮಾತಾಡುವ ಮೇಷ್ಟ್ರು ಒಬ್ಬರಿದ್ದಾರೆ. ಅವರದು ಮತ್ತೆ ಅಪ್ಪನ ಕಡೆಯ ಲೆಕ್ಕ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತವರ ಬೇರು ಒಂದೊಂದು ದಿಕ್ಕಿಗೆ!

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅವ್ವನ ಜೊತೆ ಕೂಲಿಗೆ ಹೋಗಿ ಮೆಣಸಿನಕಾಯಿ ಬಿಡಿಸಿ, ಉರಿಯುವ ಬೆರಳಲ್ಲೇ ನೋಟ್ಸ್ ಬರೆದು ಬಿ.ಎಸ್ಸಿ. ಪಾಸಾದವಳು. ಕಾಲೇಜಿನ ಒಂದು ಹಳೇ ಪುಸ್ತಕದಲ್ಲಿ ಮೂಗಿನ ಅಗಲ, ಕೂದಲ ಸುರುಳಿ, ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಿದ್ದರು. ನಮ್ಮ ಮೇಡಂ ಅದನ್ನು ತೋರಿಸಿ, "ಈ ಗೆರೆಗಳು ರಕ್ತದಲ್ಲಿಲ್ಲ, ಎಳೆದವರ ಪೆನ್ನಿನಲ್ಲಿವೆ" ಎಂದಿದ್ದರು. ಅದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಜಗಲಿಯಲ್ಲಿ ಆ ಅಂಕ ಉಪಯೋಗಕ್ಕೆ ಬರಲಿಲ್ಲ.

ಉಳಿದದ್ದೆಲ್ಲ ಬೇಗ ಕಲಿತೆ. ರೊಟ್ಟಿಯ ಜಾಗದಲ್ಲಿ ಕುಚ್ಚಲಕ್ಕಿ ಗಂಜಿ ಒಗ್ಗಿತು. "ಐತಿ" ಹೋಗಿ "ಉಂಟು" ಬಂತು. ಜೀವಕೋಶದೊಳಗಿನ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ ಎಂದು ಒಂದು ದಿನ ಅತ್ತೆಗೆ ಹೆಮ್ಮೆಯಿಂದ ವಿವರಿಸಿದೆ. ಅತ್ತೆ ತೆಂಗಿನಕಾಯಿ ತುರಿಯುತ್ತಲೇ, "ಇದನ್ನು ತಿಳಿಲಿಕ್ಕೆ ಅಷ್ಟು ಓದ್ಬೇಕಿತ್ತಾ? ನಮ್ಮ ಅಜ್ಜಿಗೇ ಗೊತ್ತಿತ್ತಲ್ಲ" ಎಂದರು.

ನಾನು ಬಸುರಿಯಾದಾಗ ನಗು ಸ್ವಲ್ಪ ಕಡಿಮೆಯಾಯಿತು. ಅತ್ತೆ ಚಿಂತೆಗೆ ಬಿದ್ದರು: "ನಮ್ಮ ಬರಿ ಮಗನ ಮಕ್ಕಳಿಗೆ ಹೋಗುದಿಲ್ಲ. ಇವಳಿಗೆ ಬರಿಯೇ ಇಲ್ಲ. ಮಗುವನ್ನು ಯಾರ ಪೈಕಿ ಅಂತ ಹೇಳುದು?" ಊರಿಗೆ ಫೋನ್ ಮಾಡಿದರೆ ದೊಡ್ಡಪ್ಪ, "ಅದು ಅವರ ಕೂಸು. ನಮಗೇನ್ ಸಂಬಂಧ?" ಎಂದರು. ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಕೈ ತೋರಿಸಿದರು. ಇನ್ನೂ ಹುಟ್ಟದ ನನ್ನ ಕೂಸು ಎರಡು ಲೆಕ್ಕಗಳ ನಡುವಿನ ಸಂದಿಗೆ ಬಿದ್ದಿತ್ತು. ಗೆರೆ ಪೆನ್ನಿನದೇ ಆಗಿರಬಹುದು. ನನ್ನ ಮಗು ಅದರ ಹೊರಗೆ ನಿಂತಾಗ ಸಂಕಟ ನಿಜವಾಗಿಯೇ ಆಯಿತು.

ದಾರಿ ತೋರಿಸಿದ್ದು ಕಮಲಕ್ಕ. ಅವರು ಸಾಲ್ಯಾನ್ ಬರಿಯವರು. "ನಾನು ಇವಳನ್ನು ಮಗಳು ಅಂತ ತಗೊಳ್ತೇನೆ. ಹಾಲು ಕುಡಿಸಿ, ತಲೆಗೆ ಅಕ್ಕಿಕಾಳು ಹಾಕಿದ್ರೆ ಆಯ್ತು. ಮತ್ತೆ ಮಗು ನಮ್ಮದೇ."

ಎಲ್ಲರಿಗೂ ಖುಷಿ. ನನಗೆ ಮಾತ್ರ ಇಲ್ಲ. ಮೆಣಸಿನಕಾಯಿ ಬಿಡಿಸಿ ನನ್ನನ್ನು ಓದಿಸಿದ ತಾಯಿ ಬದುಕಿರುವಾಗ ಇನ್ನೊಬ್ಬರ ಮಗಳಾಗುವುದು ಹೇಗೆ? ಅವ್ವ ಒಪ್ಪಿದರೆ ಮಾತ್ರ ಎಂದೆ.

ಅವ್ವ "ನಾನ ಬರ್ತೀನಿ" ಎಂದು ಫೋನ್ ಇಟ್ಟಳು. ಗದಗದಲ್ಲಿ ರೈಲು ಹತ್ತಿ, ಮರುದಿನ ನಮ್ಮ ಹತ್ತಿರದ ಸ್ಟೇಷನ್ ನೆಟ್ಟಣದಲ್ಲಿ ಇಳಿದಳು. ಬುತ್ತಿಯಲ್ಲಿ ಶೇಂಗಾ ಚಟ್ನಿ, ಕಟಿ ರೊಟ್ಟಿ.

ಜಗಲಿಯಲ್ಲಿ ಮಣೆ ಹಾಕಿದ್ದರು. ಕಮಲಕ್ಕ ಹಾಲಿನ ಲೋಟ ಹಿಡಿದು ಬಂದರು. ನಾನು ಮಣೆಯ ಮೇಲೆ ಕೂರುವಷ್ಟರಲ್ಲಿ ಅವ್ವ ನನ್ನ ರಟ್ಟೆ ಹಿಡಿದಳು.

"ತಡೀರಿ. ನಿಮ್ಮಲ್ಲಿ ತಾಯಿದು ಮಗಳಿಗೆ ಬರ್ತೈತಿ ಅಂತೀರಿ, ಹೌದಲ್ರಿ?"

"ಹೌದು."

"ಹಂಗಿದ್ರ ಮಗಳನ್ಯಾಕ ಕೊಡ್ಲಿ? ನನ್ನ ತಗೋರಿ! ನಾ ನಿಮ್ಮ ತಂಗಿ ಆದ್ರ, ಇಕಿ ತಾನ ಬರ್ತಾಳ. ಕೂಸೂ ಬರ್ತೈತಿ."

ಶಾಲೆಯ ಮೆಟ್ಟಿಲು ಹತ್ತದ ಅವ್ವ! ಪದವೀಧರೆಯಾದ ನನಗೆ ತಿಂಗಳಾದರೂ ಹೊಳೆಯದ್ದು!

ಅತ್ತೆ ಹಣೆ ಚಚ್ಚಿಕೊಂಡು ನಕ್ಕರು. "ಹೌದಲ್ಲ ಮಾರಾಯ್ರೆ! ನಮಗ್ಯಾರಿಗೂ ತಲೆಗೆ ಹೋಗ್ಲೇ ಇಲ್ಲ."

ಕಮಲಕ್ಕ ಅವ್ವನ ಗಲ್ಲ ಹಿಡಿದು, "ಬಾ ತಂಗಿ, ಕೂತ್ಕೋ" ಎಂದರು. ಅರವತ್ತು ದಾಟಿದ ಅವ್ವ ಸೆರಗು ಸರಿಮಾಡಿಕೊಂಡು ಮಣೆಯ ಮೇಲೆ ಕುಳಿತಳು. ಹಾಲು ಕುಡಿದು ಬಾಯಿ ಒರೆಸಿಕೊಂಡು, "ಸಕ್ರಿ ಕಡಿಮಿ ಆತು ಅಕ್ಕಾ" ಎಂದಳು.

ಆ ಸಂಜೆ ಅವಳನ್ನು ಕೇಳಿದೆ: "ನಿಮ್ಮವ್ವನ ತವರಿನ ಬೆಡಗು ಯಾವುದವ್ವಾ?"

"ಗೊತ್ತಿಲ್ಲಬೇ. ಯಾರೂ ಕೇಳಲಿಲ್ಲ, ಆಕಿ ಹೇಳಲಿಲ್ಲ."

ಈಗ ನನ್ನ ಮಗಳು ಇಂಚರಳಿಗೆ ಎರಡು ವರ್ಷ. ಇಲ್ಲಿ ನಾನು ಕಮಲಕ್ಕನ ತಂಗಿಯ ಮಗಳು, ಆದರೂ ಬಾಯಿ ತೆರೆದರೆ ಅಂಗಡಿಯವರು "ನೀವು ಘಟ್ಟದವರಾ?" ಅನ್ನುತ್ತಾರೆ. ಯಲಬುರ್ಗಾಕ್ಕೆ ಹೋದರೆ ನಾನು "ಉಂಟು" ಎಂದದ್ದಕ್ಕೆ ಓಣಿ ನಗುತ್ತದೆ, ದೊಡ್ಡಪ್ಪ ಚಹಾ ಕೊಡಿಸಿ ಅತಿಥಿಯಂತೆ ಕಳಿಸುತ್ತಾರೆ. ಎರಡೂ ಕಡೆ ಅನ್ನ ಉಂಟು, ಎರಡೂ ಕಡೆ ಸ್ವಲ್ಪ ಹೊರಗಿನವಳು.

ಕಳೆದ ರಜೆಯಲ್ಲಿ ಅವ್ವ ಬೇವಿನ ಮರದ ಕೆಳಗೆ ಮೊಮ್ಮಗಳನ್ನು ತೊಡೆಯ ಮೇಲೆ ಕುಣಿಸುತ್ತ, ತನ್ನ ಅವ್ವನಿಂದ ನನ್ನವರೆಗಿನ ಹೆಸರು ಕಲಿಸುತ್ತಿದ್ದಳು: "ಹುಲಿಗೆವ್ವನ ಮಗಳು ಗಂಗವ್ವ, ಗಂಗವ್ವನ ಮಗಳು ಶಾಂತವ್ವ, ಶಾಂತವ್ವನ ಮಗಳು ಯಾರು?"

"ನಾನು!" ಎಂದು ಇಂಚರ ಎದೆ ಮುಟ್ಟಿಕೊಂಡಳು.

ಹೆಸರುಗಳೆಲ್ಲ ಯಲಬುರ್ಗಾದವು. ಎಣಿಸುವ ಕ್ರಮ ಮಾತ್ರ ರಾಮಕುಂಜದ್ದು.